ಮಾರ್ಬಲ್ ಕಟ್ಟೆಗೆ ನಿಜಕ್ಕೂ ಎಷ್ಟು ಖರ್ಚು? ಕುಮಟಾದ ನಮ್ಮ ಅಡುಗೆಮನೆಯ ಲೆಕ್ಕ

ಅಂಗಡಿಯಲ್ಲಿ ಹೇಳಿದ ರೇಟು ಚದರ ಅಡಿಗೆ 220 ರೂಪಾಯಿ. ನಮ್ಮ ಅಡುಗೆಮನೆ ಕಟ್ಟೆ ಎಲ್ಲ ಸೇರಿ 31 ಚದರ ಅಡಿ. ಗುಣಿಸಿದರೆ 6,820. ಇಷ್ಟೇನಾ ಅನ್ನಿಸುತ್ತದೆ ಅಲ್ವಾ? ಆದರೆ ಅದೇ ಕಲ್ಲು ಗೋಡೆಗೆ ಒರಗಿ ಕೂತು, ಸಿಂಕು ಹಾಕಿ, ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಖರ್ಚು 32 ಸಾವಿರ ದಾಟುತ್ತದೆ. ಯಾರೂ ಮೋಸ ಮಾಡದಿದ್ದರೂ ದಾಟುತ್ತದೆ. ಈ ಎರಡು ಅಂಕಿಗಳ ನಡುವೆ ಏನೇನಿದೆ ಅಂತ ಅಂಗಡಿಯ ಫಲಕದಲ್ಲಿ ಬರೆದಿರುವುದಿಲ್ಲ. ಕೇಳಿ, ಅಳೆದು, ಬರೆದಿಟ್ಟುಕೊಂಡು ತಿಳಿಯಬೇಕು. ನಾನು ಬರೆದಿಟ್ಟುಕೊಂಡದ್ದನ್ನು ಇಲ್ಲಿ ಹೇಳುತ್ತೇನೆ. ರೇಟು ಊರಿಂದ ಊರಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಲೆಕ್ಕ ಹಾಕುವ ರೀತಿ ಮಾತ್ರ ಎಲ್ಲ ಕಡೆಗೂ ಒಂದೇ.

ನಮ್ಮದು ಕುಮಟಾದ ಹತ್ತಿರ ಚಿರೆಕಲ್ಲಿನ ಹಳೆಯ ಮನೆ. ಅಡುಗೆಮನೆಯನ್ನು ಬಿಚ್ಚಿ ಹೊಸದಾಗಿ ಮಾಡಿಸುವುದಿತ್ತು. ಕಟ್ಟೆ ‘ಎಲ್’ ಆಕಾರದ್ದು. ಒಂದು ಗೋಡೆಗೆ 10 ಅಡಿ, ಇನ್ನೊಂದಕ್ಕೆ 7 ಅಡಿ. ಅಗಲ 25 ಇಂಚು. ಕೆಳಗಿನ ಕಪಾಟು 24 ಇಂಚು ಇರುತ್ತದೆ. ಕಲ್ಲು ಒಂದಿಂಚು ಮುಂದೆ ಚಾಚಿದ್ದರೆ ಚೆಲ್ಲಿದ ನೀರು ಕಪಾಟಿನ ಬಾಗಿಲ ಮೇಲೆ ಇಳಿಯುವುದಿಲ್ಲ. ಬಿಳಿ ಕಲ್ಲು ಬೇಕು ಅನ್ನುವುದು ಆಯಿಯ ಆಸೆ. ಹಂಚಿನ ಮಾಡಿನ ಕೆಳಗೆ ಒಂದೇ ಕಿಟಕಿ. ಮಳೆಗಾಲದಲ್ಲಿ ನಡು ಮಧ್ಯಾಹ್ನವೂ ಲೈಟ್ ಹಾಕಬೇಕಾಗುವ ಅಡುಗೆಮನೆ ಅದು. ಬಿಳಿ ಕಟ್ಟೆ ಇದ್ದರೆ ಬೆಳಕು ಜಾಸ್ತಿ ಕಾಣುತ್ತದೆ ಅನ್ನುವ ಅವಳ ಮಾತು ಸರಿಯೇ ಇತ್ತು.

ಮೊದಲು ಗೊತ್ತಾದ ವಿಷಯ, ನಾವು ಕೊಳ್ಳುವುದು ಕಟ್ಟೆಯನ್ನಲ್ಲ, ಸ್ಲ್ಯಾಬನ್ನು. ಕಟ್ಟೆಗೆ 31 ಚದರ ಅಡಿ ಸಾಕು ಅಂದರೆ ಅಂಗಡಿಯವರು ಅಷ್ಟನ್ನೇ ಕತ್ತರಿಸಿ ಕೊಡುವುದಿಲ್ಲ. ನಾವು ನೋಡಿದ, ರಾಜಸ್ಥಾನದ ಮಕ್ರಾನಾದ ಸ್ಲ್ಯಾಬು 9 ಅಡಿ ಉದ್ದ, 5 ಅಡಿ ಅಗಲ. ಅಂದರೆ 45 ಚದರ ಅಡಿ. ದುಡ್ಡು 45ಕ್ಕೆ. ಅಲ್ಲಿಗೆ 6,820 ಇದ್ದದ್ದು 9,900 ಆಯಿತು. ಮಾರ್ಬಲ್, ಗ್ರಾನೈಟ್ ಸ್ಲ್ಯಾಬಿಗೆ ಜಿಎಸ್‌ಟಿ 18%. 2017ರಲ್ಲಿ ಜಿಎಸ್‌ಟಿ ಶುರುವಾದಾಗ 28% ಇತ್ತು, ಅದೇ ವರ್ಷದ ನವೆಂಬರಿನಲ್ಲಿ ಇಳಿಸಿದರು. 18% ಸೇರಿಸಿದರೆ 11,682. ಕಾರವಾರದ ನಮ್ಮ ನೆಂಟರು ಕಲ್ಲನ್ನು ಗೋವಾದ ಮಡಗಾಂವಿನಿಂದ ತರಿಸಿದ್ದರು. ಗಡಿ ದಾಟಿದರೆ ತೆರಿಗೆ ಕಡಿಮೆ ಆಗುತ್ತದೆಯೇ ಅಂತ ಅವರನ್ನು ಕೇಳಿದೆ. ಇಲ್ಲ, ಅಲ್ಲಿಂದ ತಂದರೂ ಅದೇ 18%.

ಉಳಿಯುವ 14 ಚದರ ಅಡಿ ಸುಮ್ನೆ ಹಾಳಾ? ಇದಕ್ಕೆ ಉತ್ತರ ಕೊಟ್ಟದ್ದು ಹೊನ್ನಾವರ ಕಡೆಯ ಮಿಸ್ತ್ರಿ. ನಮ್ಮ ಅಂಗಳದಲ್ಲಿ, ಅಡಿಕೆ ಒಣಗಿಸುವ ಸಿಮೆಂಟಿನ ಮೇಲೆ, ಅವರು ಸೀಮೆಸುಣ್ಣದಿಂದ ಸ್ಲ್ಯಾಬಿನ ಚಿತ್ರ ಬರೆದರು. ಚಿಕ್ಕದಾಗಿ ಅಲ್ಲ, ಅಳತೆಗೆ ಸರಿಯಾಗಿ 9 ಅಡಿಗೆ 5 ಅಡಿ. ಉದ್ದಕ್ಕೆ 25 ಇಂಚಿನ ಎರಡು ಪಟ್ಟೆ ಎಳೆದರು. 60 ಇಂಚಿನಲ್ಲಿ 50 ಹೋಯಿತು, ಉಳಿದದ್ದು 10. ಮೂಲೆಯ ಭಾಗವನ್ನು 7 ಅಡಿ ತುಂಡಿಗೆ ಸೇರಿಸಿದರೆ ಇನ್ನೊಂದು ತುಂಡು 10 ಅಡಿ ಬೇಕಾಗಿಲ್ಲ, 8 ಅಡಿಗೆ ಒಂದಿಂಚು ಕಮ್ಮಿ ಇದ್ದರೂ ಸಾಕು. ಎರಡೂ 9 ಅಡಿಯ ಪಟ್ಟೆಯಲ್ಲಿ ಬರುತ್ತವೆ, ಜೋಡಣೆ ಒಂದೇ ಕಡೆ, ಮೂಲೆಯಲ್ಲಿ. ಆಮೇಲೆ ಆ 10 ಇಂಚಿನ ಪಟ್ಟೆಗೆ ಬಂದರು. ಅದರಲ್ಲಿ 4 ಇಂಚಿನ ಎರಡು ಪಟ್ಟಿ. ಗೋಡೆಗೆ ನೀರು ಸಿಡಿಯದ ಹಾಗೆ ಕಟ್ಟೆಯ ಹಿಂದೆ ನಿಲ್ಲಿಸುವ ಸ್ಕರ್ಟಿಂಗ್ 17 ಅಡಿ ಬೇಕು, ಎರಡು ಪಟ್ಟಿ ಸೇರಿ 18 ಅಡಿ ಸಿಗುತ್ತದೆ. ಕಟರ್ ಬ್ಲೇಡು ಒಂದೊಂದು ಗೀಟಿಗೂ ಒಂದಿಷ್ಟು ಕಲ್ಲು ತಿನ್ನುತ್ತದೆ ಅಂತ ಸೀಮೆಸುಣ್ಣದ ಗೆರೆಯನ್ನೇ ಬೆರಳಿಂದ ಉಜ್ಜಿ ದಪ್ಪ ಮಾಡಿ ತೋರಿಸಿದರು. ಅದನ್ನೆಲ್ಲ ಕಳೆದು ಕೊನೆಗೆ ಉಳಿದದ್ದು ಒಂದೂವರೆ ಇಂಚಿನ ಒಂದು ಪಟ್ಟಿ. ಅದು ಮುಂದಿನ ಅಂಚಿನ ಕೆಳಗೆ ಅಂಟಿಸುವುದಕ್ಕೆ.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣ ಇದೆ. ಇನ್ನೊಂದು ಅಂಗಡಿಯಲ್ಲಿ ರೇಟು 190 ಇತ್ತು. 30 ರೂಪಾಯಿ ಕಮ್ಮಿ. ಆದರೆ ಆ ಸ್ಲ್ಯಾಬುಗಳು ಏಳೂವರೆ ಅಡಿ ಉದ್ದ, 4 ಅಡಿ ಅಗಲ. 48 ಇಂಚಿನಲ್ಲಿ 25 ಇಂಚಿನ ಒಂದೇ ಪಟ್ಟೆ ಬರುತ್ತದೆ, 23 ಇಂಚು ಉಳಿಯುತ್ತದೆ. ಎರಡು ಸ್ಲ್ಯಾಬು ಬೇಕು, ಅಂದರೆ 60 ಚದರ ಅಡಿ. ದುಡ್ಡು 11,400, ತೆರಿಗೆ ಬೇರೆ. ಅಷ್ಟು ಕೊಟ್ಟರೂ 8 ಅಡಿ ತುಂಡಿಗೆ ಉದ್ದ ಸಾಲದೆ ಇನ್ನೊಂದು ಜೋಡಣೆ. ಕಡಿಮೆ ರೇಟಿನ ಕಲ್ಲೇ ತುಟ್ಟಿಯಾಯಿತು. ಹಾಗಾಗಿ ರೇಟು ಕೇಳುವುದಕ್ಕಿಂತ ಮೊದಲು ಸ್ಲ್ಯಾಬಿನ ಉದ್ದ ಅಗಲ ಕೇಳಿ. ಗ್ರಾನೈಟಿನಲ್ಲಿ ಇದಕ್ಕೆ ಒಂದು ಅನುಕೂಲ ಇದೆ. ಹಲವು ಬ್ಲೇಡಿನ ಗರಗಸದಲ್ಲಿ ಕೊಯ್ದ ದೊಡ್ಡ ಗ್ಯಾಂಗ್‌ಸಾ ಸ್ಲ್ಯಾಬಿನ ಜೊತೆಗೆ ಎರಡು, ಎರಡೂಕಾಲು ಅಡಿ ಅಗಲದ ಉದ್ದನೆಯ ಕಟರ್ ಸ್ಲ್ಯಾಬೂ ಸಿಗುತ್ತದೆ. ಅಡುಗೆ ಕಟ್ಟೆಯ ಅಗಲಕ್ಕೆ ಹೇಳಿ ಮಾಡಿಸಿದಂತೆ ಇರುವುದರಿಂದ ಹಾಳಾಗುವುದು ಕಡಿಮೆ.

ಸ್ಲ್ಯಾಬು ಅಳೆಯುವಾಗ ಎದುರಿಗೇ ನಿಂತಿರಬೇಕು. ಮೂಲೆ ಮುರಿದಿದ್ದರೆ, ಅಂಚು ಓರೆಯಾಗಿದ್ದರೆ ಅದನ್ನು ಬಿಟ್ಟು ಅಳೆಯಲು ಹೇಳಬೇಕು. ಇನ್ನೊಂದು ವಿಷಯ ಅಡಿ ಮತ್ತು ಇಂಚಿನದ್ದು. ಒಂದು ಗೋಡೌನಿನಲ್ಲಿ 8 ಅಡಿ 6 ಇಂಚನ್ನು 8.6 ಅಂತ, 4 ಅಡಿ 3 ಇಂಚನ್ನು 4.3 ಅಂತ ಚೀಟಿಯಲ್ಲಿ ಬರೆದು, ಹಾಗೇ ಕ್ಯಾಲ್ಕುಲೇಟರಿಗೆ ಹಾಕಿದರು. 36.98 ಬಂತು. 6 ಇಂಚು ಅಂದರೆ ಅರ್ಧ ಅಡಿ, 3 ಇಂಚು ಅಂದರೆ ಕಾಲು ಅಡಿ. ಸರಿಯಾದ ಲೆಕ್ಕ 8.5 ಗುಣಿಸು 4.25, ಅಂದರೆ 36.13. ಒಂದು ಸ್ಲ್ಯಾಬಿಗೆ ಮುಕ್ಕಾಲು ಚದರ ಅಡಿಗೂ ಜಾಸ್ತಿ ವ್ಯತ್ಯಾಸ. ಕಟ್ಟೆಗೆ ದೊಡ್ಡ ಮೊತ್ತ ಅಲ್ಲ. ಇಡೀ ಮನೆಯ ನೆಲಕ್ಕೆ ಕಲ್ಲು ತೆಗೆದುಕೊಳ್ಳುವವರಿಗೆ ಸಾವಿರಗಟ್ಟಲೆ ಆಗುತ್ತದೆ. ಹೇಳಿದ ಕೂಡಲೇ ಅಲ್ಲಿಯವರು ತಿದ್ದಿಕೊಟ್ಟರು.

ಈಗ ಕೂಲಿಯ ಲೆಕ್ಕ. ಇದು ಚದರ ಅಡಿಯಲ್ಲಿ ಅಲ್ಲ, ರನ್ನಿಂಗ್ ಫೂಟಿನಲ್ಲಿ, ಅಂದರೆ ಉದ್ದ ಮಾತ್ರ ಅಳೆಯುವ ಅಡಿಯಲ್ಲಿ. ಕಟ್ಟೆ ಕೂರಿಸಲು ರನ್ನಿಂಗ್ ಫೂಟಿಗೆ 250 ಅಂತ ಹೇಳಿದರು. ಎಷ್ಟು ಫೂಟು? ಇಲ್ಲೇ ತಕರಾರು ಹುಟ್ಟುವುದು. ಗೋಡೆಯ ಬದಿ ಅಳೆದರೆ 10 ಮತ್ತು 7, ಒಟ್ಟು 17. ನಾವು ನಿಂತು ಅಡುಗೆ ಮಾಡುವ ಬದಿಯ ಅಂಚು ಅಳೆದರೆ ಸುಮಾರು 13. ಅದೇ ಕಟ್ಟೆ, 4 ಅಡಿ ವ್ಯತ್ಯಾಸ. ಗೋಡೆಯ ಬದಿಯ ಅಳತೆಯಲ್ಲಿ ಮೂಲೆ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಮಧ್ಯದ ಗೆರೆ ಹಿಡಿದರೆ 15, ಅದು ಇಬ್ಬರಿಗೂ ನ್ಯಾಯ. 15ಕ್ಕೆ ಮಾತಾಡಿ ಬರೆಸಿಕೊಂಡೆ. ಕೆಲಸ ಶುರುವಾಗುವ ಮೊದಲು ಹೇಳಿದ್ದರಿಂದ ಮಿಸ್ತ್ರಿಗೂ ಬೇಸರವಾಗಲಿಲ್ಲ.

ಅಂಚಿನ ಪಾಲಿಶ್ ಬೇರೆ. ಹಾಫ್ ರೌಂಡ್ ಅಂದರೆ ಮೇಲಿನ ಅಂಚನ್ನು ಗುಂಡಗೆ ಮಾಡುವುದು, ಫೂಟಿಗೆ 120. ಬದಿಯ ಅಂಚೂ ಸೇರಿ 14 ಅಡಿಗೆ 1,680. ಕಲ್ಲಿನ ದಪ್ಪ 18 ಮಿಲಿಮೀಟರ್ ಅಷ್ಟೇ. ದಪ್ಪ ಕಾಣಲಿ ಅಂತ ಅಂಚಿನ ಕೆಳಗೆ ಇನ್ನೊಂದು ಪಟ್ಟಿ ಅಂಟಿಸುತ್ತಾರೆ. ಅದಕ್ಕೆ ಫೂಟಿಗೆ 150, 13 ಅಡಿಗೆ 1,950. ಅದು ಪೂರ್ತಿ ಅಂದಕ್ಕೆ, ಗಟ್ಟಿತನಕ್ಕೆ ಅಲ್ಲ. ಸಿಂಕಿನ ತೂತು 1,500. ಕಲ್ಲಿನ ಕೆಳಗೆ ಕೂರಿಸುವ ಸಿಂಕಾದರೆ ತೂತಿನ ಒಳ ಅಂಚಿಗೂ ಪಾಲಿಶ್ ಬೇಕು, ಅದಕ್ಕೆ ಅಷ್ಟು. ಹಾಬ್ (ಕಟ್ಟೆಯೊಳಗೇ ಹುದುಗಿಸುವ ಗ್ಯಾಸ್ ಒಲೆ) ಕೂರಿಸುವ ತೂತು 800, ನಲ್ಲಿಯ ಎರಡು ತೂತಿಗೆ 300. ಕೆಳಗಿನ ಕಡಪ ಕಲ್ಲಿನ ಕಾಲು ಮತ್ತು ಹಾಸು ಸೇರಿ 4,500. ಅಂಟು, ಬಿಳಿ ಸಿಮೆಂಟು, ಜೋಡಣೆಗೆ ತುಂಬುವ ಇಪಾಕ್ಸಿ 1,200. ಕೂರಿಸಿದ ಮೇಲಿನ ಪಾಲಿಶ್ ಚದರ ಅಡಿಗೆ 40, ಅಂದರೆ 1,240. ಕಲೆ ಇಳಿಯದಂತೆ ಬಳಿಯುವ ಸೀಲರ್ ಡಬ್ಬಿ 1,200. ಹುಬ್ಬಳ್ಳಿಯಿಂದ ಸಾಗಣೆ, ಹಮಾಲಿ ಸೇರಿ 2,500. ನಾನು ಮಾತಾಡಿಕೊಂಡ 15 ಬಿಟ್ಟು, ಗೋಡೆ ಬದಿಯ 17 ಅಡಿಯನ್ನೇ ಹಿಡಿದರೆ ಕೂರಿಸುವ ಕೂಲಿ 4,250. ಇದಿಷ್ಟನ್ನೂ ಕಲ್ಲಿನ 11,682ಕ್ಕೆ ಕೂಡಿ ನೋಡಿ, 32,802 ಬರುತ್ತದೆ. 31 ಚದರ ಅಡಿಗೆ ಹಂಚಿದರೆ ಅಡಿಗೆ 1,058 ರೂಪಾಯಿ. ಫಲಕದ 220ಕ್ಕೂ ಇದಕ್ಕೂ ಎಲ್ಲಿಂದೆಲ್ಲಿಗೆ!

ಈ ಪಟ್ಟಿ ಕೈಯಲ್ಲಿದ್ದರೆ ಬೇರೆ ಕಲ್ಲುಗಳನ್ನು ಹೋಲಿಸುವುದು ಸುಲಭ. ಕಪ್ಪು ಗ್ರಾನೈಟಿಗೆ 130 ಹೇಳಿದ್ದರು. ಕಟರ್ ಸ್ಲ್ಯಾಬು 39 ಚದರ ಅಡಿ ಬೇಕು, ತೆರಿಗೆ ಸೇರಿ ಸುಮಾರು 5,980. ಸೀಲರ್ ಬೇಡ, ಮೇಲಿನ ಪಾಲಿಶ್ ಬೇಡ. ಉಳಿದ ಕೂಲಿ ಎಲ್ಲ ಅದೇ. ಒಟ್ಟು 24,660ರ ಹತ್ತಿರ. ಕಲ್ಲಿನ ಬೆಲೆ ಅರ್ಧ ಇದ್ದರೂ ಒಟ್ಟು ಖರ್ಚು ಕಾಲು ಭಾಗ ಮಾತ್ರ ಇಳಿಯಿತು. ಇಟಾಲಿಯನ್ ಮಾರ್ಬಲಿನ ಒಂದು ಸ್ಲ್ಯಾಬು 60 ಚದರ ಅಡಿ ಇತ್ತು, ರೇಟು 550. ತೆರಿಗೆ ಸೇರಿ ಕಲ್ಲಿಗೇ 38,940, ಒಟ್ಟು 60 ಸಾವಿರ. ಆ ಸ್ಲ್ಯಾಬಿನ ಹಿಂದೆ ಬಲೆ ಅಂಟಿಸಿರುತ್ತಾರೆ, ಗೆರೆಗಳ ಸಂದಿಗೆ ರೆಸಿನ್ ಅನ್ನುವ ಅಂಟು ತುಂಬಿರುತ್ತಾರೆ. ಗೆರೆ ಇರುವಲ್ಲಿ ಕಲ್ಲು ಸೂಕ್ಷ್ಮ. ಕತ್ತರಿಸುವಾಗ ಒಡೆದರೆ ಯಾರ ತಲೆಗೆ ಅಂತ ಮೊದಲೇ ಕೇಳಿಕೊಳ್ಳಬೇಕು. ನಾನು ಕೇಳಿದಾಗ ಅಂಗಡಿಯವರು ಮಿಸ್ತ್ರಿ ಕಡೆ ತೋರಿಸಿದರು, ಮಿಸ್ತ್ರಿ ಅಂಗಡಿ ಕಡೆ ತೋರಿಸಿದರು. ನಮಗೆ ಅದು ಬೇಡ ಅಂತ ಅಲ್ಲೇ ತೀರ್ಮಾನವಾಯಿತು. ಕ್ವಾರ್ಟ್ಜ್ ಕೂಡ ನೋಡಿದೆವು. ಕ್ವಾರ್ಟ್ಜ್ ಪುಡಿಯನ್ನು ರೆಸಿನ್ ಜೊತೆ ಒತ್ತಿ ಮಾಡಿದ ಹಲಗೆ. ಕಲೆ ಹಿಡಿಯುವುದು ಕಡಿಮೆ. ಆದರೆ ಒಲೆಯಿಂದ ಇಳಿಸಿದ ಬಿಸಿ ಬಾಣಲೆಯನ್ನು ನೇರ ಇಡುವ ಹಾಗಿಲ್ಲ, ರೆಸಿನ್ ತಡೆಯುವುದಿಲ್ಲ. ನಮ್ಮ ಮನೆಯಲ್ಲಿ ಅದು ಆಗದ ಮಾತು.

ಇಷ್ಟು ತಿಳಿದ ಮೇಲೂ ಮಾರ್ಬಲೇ ಹಾಕಿಸೋಣ ಅಂತ ಮನಸ್ಸಿತ್ತು. 8 ಸಾವಿರ ಜಾಸ್ತಿ ಆದರೂ ಆಯಿಗೆ ಬೆಳಕು ಬೇಕಲ್ಲ. ಮನಸ್ಸು ಬದಲಾದದ್ದು ಕಲ್ಲಿನ ಗುಣ ನೋಡಿ.

ಮಾರ್ಬಲ್ ಅಂದರೆ ಸುಣ್ಣದ ಕಲ್ಲು. ಭೂಮಿಯ ಒಳಗೆ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಹರಳುಗಟ್ಟಿದ ಸುಣ್ಣದ ಕಲ್ಲು. ನಮ್ಮ ತಾಲೂಕಿನ ಯಾಣದ ಬಂಡೆಗಳು ಸುಣ್ಣದ ಕಲ್ಲಿನವೇ. ಬಣ್ಣ ಕಪ್ಪು, ಮೂಲ ವಸ್ತು ಕ್ಯಾಲ್ಸಿಯಂ ಕಾರ್ಬೊನೇಟ್. ಅಘನಾಶಿನಿ ಅಳಿವೆಯಲ್ಲಿ ಆರಿಸುವ ಬಳಚಿನ ಚಿಪ್ಪಿಯೂ ಅದೇ. ಚಿಪ್ಪಿ ಸುಟ್ಟು ಸುಣ್ಣ ಮಾಡುವುದು ನಮ್ಮ ಕರಾವಳಿಗೆ ಹೊಸತಲ್ಲ. ಒಂದು ಚಿಪ್ಪಿಯ ಮೇಲೆ ಲಿಂಬೆಹುಳಿ ಹಿಂಡಿ ನೋಡಿ, ಸಣ್ಣ ಸಣ್ಣ ಗುಳ್ಳೆ ಏಳುತ್ತದೆ. ಹುಳಿ ಸುಣ್ಣವನ್ನು ತಿನ್ನುವುದು ಹಾಗೆ. ತಾಜಮಹಲಿನ ಬಿಳಿ ಕಲ್ಲೂ ಮಕ್ರಾನಾದ್ದು. ಅದರ ಮೇಲೆ ಯಾರೂ ಅಪ್ಪೆಹುಳಿ ಮಾಡುವುದಿಲ್ಲ. ನಾವು ದಿನಾ ಮಾಡುತ್ತೇವೆ.

ಉತ್ತರ ಕನ್ನಡದ ಅಡುಗೆಮನೆಯಲ್ಲಿ ಹುಳಿ ಇಲ್ಲದ ದಿನ ಯಾವುದು ಹೇಳಿ? ಮುರುಗಲು, ಹುಣಸೆ, ಲಿಂಬೆ, ಬಿಂಬಲ, ಅಮಟೆ, ಮಾವಿನಮಿಡಿ, ಮಜ್ಜಿಗೆ. ಮೀನು ಮಾಡುವ ಮನೆಗಳಲ್ಲಿ ಹುಳಿ ಮತ್ತೂ ಜಾಸ್ತಿ. ಅದಕ್ಕೇ ಅಂಗಡಿಯಿಂದ ಅಂಗೈ ಅಗಲದ ಎರಡು ಮಾರ್ಬಲ್ ಚೂರು, ಒಂದು ಗ್ರಾನೈಟ್ ಚೂರು ಕೇಳಿ ತಂದೆ. ಕೊಡುತ್ತಾರೆ, ಕೇಳಬೇಕು ಅಷ್ಟೇ. ಒಂದು ಮಾರ್ಬಲ್ ಚೂರಿಗೆ ಸೀಲರ್ ಬಳಿದು ಒಣಗಿಸಿದೆ, ಇನ್ನೊಂದನ್ನು ಹಾಗೇ ಬಿಟ್ಟೆ. ಮೂರರ ಮೇಲೂ ಲಿಂಬೆಯ ಹೋಳು, ನೀರಿನಲ್ಲಿ ಕಲಸಿದ ಅರಿಶಿನ, ಒಂದು ಹನಿ ತೆಂಗಿನೆಣ್ಣೆ, ನೆನೆಸಿದ ಮುರುಗಲಿನ ಸಿಪ್ಪೆ ಇಟ್ಟು ರಾತ್ರಿ ಬಿಟ್ಟೆ.

ಬೆಳಿಗ್ಗೆ ತೊಳೆದು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಎಲ್ಲ ಸ್ಪಷ್ಟವಾಯಿತು. ಗ್ರಾನೈಟಿಗೆ ಏನೂ ಆಗಿರಲಿಲ್ಲ. ಸೀಲರ್ ಇಲ್ಲದ ಮಾರ್ಬಲಿನಲ್ಲಿ ಅರಿಶಿನ ಹಳದಿಯಾಗಿ ಇಳಿದಿತ್ತು, ಎಣ್ಣೆ ಬಿದ್ದಲ್ಲಿ ಕಲ್ಲು ಒದ್ದೆಯಾದ ಹಾಗೆ ಮಂಕಾಗಿತ್ತು, ಮುರುಗಲಿನ ಕೆಳಗೆ ನಸುಗೆಂಪು. ಲಿಂಬೆ ಇಟ್ಟ ಜಾಗದಲ್ಲಿ ಬಣ್ಣ ಏನೂ ಇರಲಿಲ್ಲ. ಆದರೆ ಹೋಳಿನ ಗುಂಡು ಆಕಾರಕ್ಕೆ ಸರಿಯಾಗಿ ಹೊಳಪು ಹೋಗಿತ್ತು. ಬೆರಳಾಡಿಸಿದರೆ ಸುತ್ತಲಿನ ನುಣುಪಿಗೂ ಅಲ್ಲಿನ ಒರಟಿಗೂ ವ್ಯತ್ಯಾಸ ಗೊತ್ತಾಗುತ್ತಿತ್ತು. ಸೀಲರ್ ಬಳಿದ ಚೂರಿನಲ್ಲಿ ಎಣ್ಣೆ ಇಳಿದಿರಲಿಲ್ಲ, ಅರಿಶಿನ ತೆಳುವಾಗಿ ಮಾತ್ರ ಹಿಡಿದಿತ್ತು. ಲಿಂಬೆಯ ಗುರುತು ಮಾತ್ರ ಎರಡರಲ್ಲೂ ಒಂದೇ ತರಹ.

ಇದು ತುಂಬಾ ಮುಖ್ಯ. ಸೀಲರ್ ಕಲ್ಲಿನ ಸೂಕ್ಷ್ಮ ರಂಧ್ರಗಳನ್ನು ತುಂಬಿ ಬಣ್ಣ, ಎಣ್ಣೆ ಒಳಗಿಳಿಯದ ಹಾಗೆ ತಡೆಯುತ್ತದೆ. ಹುಳಿ ಕಲ್ಲಿನ ಮೇಲ್ಮೈಯನ್ನೇ ತಿನ್ನುವುದರಿಂದ ಅದನ್ನು ತಡೆಯುವುದು ಸೀಲರಿನ ಕೈಲಿ ಆಗುವುದಿಲ್ಲ. ‘ಸೀಲರ್ ಹಾಕಿದರೆ ಏನೂ ಆಗಲ್ಲ’ ಅಂತ ಯಾರಾದರೂ ಹೇಳಿದರೆ ಅರ್ಧ ಮಾತ್ರ ನಿಜ. ಗಟ್ಟಿತನದಲ್ಲೂ ವ್ಯತ್ಯಾಸ ದೊಡ್ಡದು. ಕಲ್ಲಿನ ಗಟ್ಟಿತನ ಹೇಳುವ, 1ರಿಂದ 10ರವರೆಗಿನ ಮೋಸ್ ಅಳತೆಯಲ್ಲಿ ಮಾರ್ಬಲ್ 3ರ ಹತ್ತಿರ, ಗ್ರಾನೈಟ್ 6ರಿಂದ 7. ಮೆಟ್ಟುಗತ್ತಿಯನ್ನು ಕಟ್ಟೆಯ ಮೇಲೆ ಎಳೆದರೆ ಮಾರ್ಬಲಿನಲ್ಲಿ ಗೀರು ಬೀಳುತ್ತದೆ. ಇನ್ನು ನಮ್ಮ ಮಳೆಗಾಲದ ತೇವ, ಉಪ್ಪು ಗಾಳಿ. ಒದ್ದೆ ಕಬ್ಬಿಣದ ಕಾವಲಿಯನ್ನು ರಾತ್ರಿ ಬಿಳಿ ಕಲ್ಲಿನ ಮೇಲೆ ಬಿಟ್ಟರೆ ಬೆಳಿಗ್ಗೆ ತುಕ್ಕಿನ ಬಳೆ. ಕಟ್ಟೆಯ ಕೆಳಗೆ ಆಧಾರಕ್ಕೆ ಕಬ್ಬಿಣದ ಫ್ರೇಮ್ ಹಾಕಿಸುವವರಿದ್ದಾರೆ. ಕರಾವಳಿಯಲ್ಲಿ ಅದು ಬೇಡವೇ ಬೇಡ. ತುಕ್ಕು ಕೆಳಗಿನಿಂದಲೂ ಬಿಳಿ ಕಲ್ಲಿಗೆ ಏರುತ್ತದೆ. ಕಡಪ ಕಲ್ಲು ಒಳ್ಳೆಯದು.

ಆ ಚೂರುಗಳನ್ನು ಆಯಿಗೆ ತೋರಿಸಿದೆ. ಅವಳು ಹೊಳಪು ಹೋದ ಜಾಗವನ್ನು ತುಂಬ ಹೊತ್ತು ನೋಡಿ, ‘ಒಲೆ, ಸಿಂಕು ಇರುವ ಕಡೆ ಗ್ರಾನೈಟ್ ಹಾಕು. ನಾನು ಲಟ್ಟಿಸುವ ಕಡೆ ಬಿಳಿದು ಇರಲಿ’ ಅಂದಳು. ಹಾಬ್ ಬೇಡ, ಮೇಲಿಡುವ ಸ್ಟೋವೇ ಸಾಕು ಅಂತಲೂ ಹೇಳಿದಳು. ಆ ಒಂದು ಮಾತಿನಿಂದ ಇಡೀ ಲೆಕ್ಕ ಬದಲಾಯಿತು. ಮಿಸ್ತ್ರಿಯ ಚಿತ್ರದಲ್ಲಿ ಜೋಡಣೆ ಹೇಗೂ ಮೂಲೆಯಲ್ಲೇ ಇತ್ತು. ಅಲ್ಲಿಂದ ಆಚೆ ಬೇರೆ ಕಲ್ಲು ಹಾಕಿದರೆ ಹೆಚ್ಚುವರಿ ಜೋಡಣೆ ಏನೂ ಇಲ್ಲ. ಸಿಂಕು ಮತ್ತು ಒಲೆ 8 ಅಡಿಯ ಕಡೆ, ಗ್ರಾನೈಟ್. ಕಿಟಕಿ ಇರುವ 7 ಅಡಿಯ ಕಡೆ ಮಾರ್ಬಲ್. ಹೋಳಿಗೆ, ಚಪಾತಿ ಲಟ್ಟಿಸಲು ಮಾರ್ಬಲ್ ನಿಜಕ್ಕೂ ಒಳ್ಳೆಯದು. ಕೈಯ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ, ಕಣಕ ಬೇಗ ಬೆಚ್ಚಗಾಗಿ ಅಂಟುವುದಿಲ್ಲ.

ಆದರೆ 15 ಚದರ ಅಡಿಗಾಗಿ 45 ಅಡಿಯ ಸ್ಲ್ಯಾಬು ಕೊಳ್ಳುವುದಕ್ಕೆ ಆಗುತ್ತದಾ? ಇಲ್ಲಿ ಕೈ ಹಿಡಿದದ್ದು ತುಂಡು ಮಾಲು. ದೊಡ್ಡ ಗೋಡೌನಿನ ಹಿಂಬದಿಗೆ ಹೋಗಿ ನೋಡಿ. ದೇವಸ್ಥಾನ, ಮೆಟ್ಟಿಲು, ದೊಡ್ಡ ಮನೆಗಳ ಕೆಲಸದಲ್ಲಿ ಉಳಿದ ತುಂಡುಗಳನ್ನು ಗೋಡೆಗೆ ಒರಗಿಸಿ ಇಟ್ಟಿರುತ್ತಾರೆ. ನೆಲಕ್ಕೆ ಸಾಲುವುದಿಲ್ಲ, ಹಾಗಾಗಿ ಕೇಳುವವರು ಕಡಿಮೆ. ಕಟ್ಟೆಗೆ, ದೇವರ ಪೀಠಕ್ಕೆ, ಕಿಟಕಿಯ ಹಾಸಿಗೆ ಧಾರಾಳ ಸಾಕು. ನಮಗೆ 7 ಅಡಿ 3 ಇಂಚು ಉದ್ದ, 2 ಅಡಿ 4 ಇಂಚು ಅಗಲದ ಮಕ್ರಾನಾ ತುಂಡು ಸಿಕ್ಕಿತು. ಬೂದು ಗೆರೆ ಒಂದೇ ಒಂದು, ಮೂಲೆಯಿಂದ ಮೂಲೆಗೆ. ರೇಟು 150. ಮೇಲೆ ನೀರು ಚಿಮುಕಿಸಿ ನೋಡಿದೆ. ಒದ್ದೆ ಮಾಡಿದಾಗ ಬಿರುಕಿದ್ದರೆ ಎದ್ದು ಕಾಣುತ್ತದೆ, ಅಲ್ಲಿ ನೀರು ಆರುವುದು ತಡ. ಬೆರಳ ಗೆಣ್ಣಿನಿಂದ ತಟ್ಟಿ ಸದ್ದನ್ನೂ ಕೇಳಿದರು ಮಿಸ್ತ್ರಿ. ಕಣ್‌ ಕಣ್‌ ಅಂತು. ಒಡಕಿದ್ದರೆ ಸದ್ದು ಟೊಳ್ಳಾಗಿ ಬರುತ್ತದೆ. ತೆರಿಗೆ ಸೇರಿ 3 ಸಾವಿರದೊಳಗೆ ಮುಗಿಯಿತು. ಗ್ರಾನೈಟಿನ ತುಂಡೂ ಹೆಚ್ಚುಕಮ್ಮಿ ಅಷ್ಟೇ.

ಸಾಗಣೆಯ ಬಗ್ಗೆ ಒಂದು ಮಾತು. ಕಲ್ಲನ್ನು ಮಲಗಿಸಿ ತರಬಾರದು, ಅಂಚಿನ ಮೇಲೆ ನಿಲ್ಲಿಸಿ ಕಟ್ಟಬೇಕು. 18 ಮಿ.ಮೀ. ಮಾರ್ಬಲ್ ಚದರ ಅಡಿಗೆ ಸುಮಾರು ನಾಲ್ಕೂವರೆ ಕೆಜಿ ತೂಗುತ್ತದೆ. 45 ಅಡಿಯ ಸ್ಲ್ಯಾಬು 200 ಕೆಜಿ. ಮಲಗಿಸಿದರೆ ಅರಬೈಲ್ ಘಟ್ಟದ ತಿರುವುಗಳಲ್ಲಿ, ಗುಂಡಿಗಳಲ್ಲಿ ತನ್ನ ಭಾರಕ್ಕೇ ನಡುವೆ ಮುರಿಯುತ್ತದೆ. ನಮ್ಮದು ಸಣ್ಣ ತುಂಡುಗಳಾದ್ದರಿಂದ ಬೇರೆಯವರ ಮಾಲಿನ ಜೊತೆ ಬಂತು, 1,200 ಆಯಿತು.

ಕೂರಿಸುವ ದಿನ ನಾನು ಜಾಗ ಬಿಟ್ಟು ಕದಲಲಿಲ್ಲ. ಸಿಂಕಿನ ತೂತು ಕೊರೆಯುವಾಗ ಮಿಸ್ತ್ರಿ ಮೊದಲು ನಾಲ್ಕು ಮೂಲೆಗೂ ಡ್ರಿಲ್ಲಿನಲ್ಲಿ ಗುಂಡು ತೂತು ಹೊಡೆದರು, ಆಮೇಲೆ ಒಂದರಿಂದ ಒಂದಕ್ಕೆ ಕಟರ್ ಎಳೆದರು. ಮೂಲೆ ಚೂಪಾಗಿ ಬಿಟ್ಟರೆ ಬಿರುಕು ಅಲ್ಲಿಂದಲೇ ಶುರುವಾಗುತ್ತದಂತೆ. ಸಿಂಕಿನ ಮುಂದೆ ಉಳಿಯುವ ಪಟ್ಟಿ 3 ಇಂಚಿಗಿಂತ ಕಡಿಮೆ ಇರಬಾರದು, ಅದರ ಅಡಿಗೆ ಕಡಪದ ಆಧಾರ ಇರಬೇಕು. ಕಟ್ಟೆಯಲ್ಲಿ ಮೊದಲು ಮುರಿಯುವ ಜಾಗ ಅದೇ. ಅಂಚಿಗೆ ಎರಡನೇ ಪಟ್ಟಿ ಬೇಡ ಅಂದೆವು. 18 ಮಿ.ಮೀ. ಅಂಚು ಹಾಫ್ ರೌಂಡ್ ಮಾಡಿದರೆ ನೋಡಲು ಚೆಂದವೇ ಇದೆ, 1,950 ಉಳಿಯಿತು. ಮಾರ್ಬಲಿಗೆ ಕನ್ನಡಿಯ ಹೊಳಪೂ ಬೇಡ ಅಂದೆವು. ಮಂಕು ಪಾಲಿಶ್ ಮಾಡಿಸಿದರೆ ಹುಳಿಯ ಗುರುತು ಬಿದ್ದರೂ ಅಷ್ಟಾಗಿ ಎದ್ದು ಕಾಣುವುದಿಲ್ಲ. ಹೊಳಪೇ ಇಲ್ಲದ ಕಡೆ ಹೊಳಪು ಹೋಗುವ ಪ್ರಶ್ನೆ ಇಲ್ಲ.

ಒಟ್ಟು ಲೆಕ್ಕ 21,860. ಪೂರ್ತಿ ಗ್ರಾನೈಟಿಗಿಂತ ಕಡಿಮೆ, ಪೂರ್ತಿ ಮಾರ್ಬಲಿಗಿಂತ 11 ಸಾವಿರ ಕಡಿಮೆ. ಇದರಲ್ಲಿ ಎರಡೂ ಕಲ್ಲಿನ ಬೆಲೆ ಸೇರಿ 6 ಸಾವಿರ ಮುಟ್ಟುವುದಿಲ್ಲ. ಉಳಿದದ್ದೆಲ್ಲ ಕೈಕೆಲಸ, ಕೆಳಗಿನ ಕಡಪ, ಅಂಟು, ದಾರಿ ಖರ್ಚು. ಆದ್ದರಿಂದ ಅಂಗಡಿಗೆ ಹೋದಾಗ ‘ಚದರ ಅಡಿಗೆ ಎಷ್ಟು’ ಅಂತ ಕೇಳಿ ಬರಬೇಡಿ. ಕೂರಿಸಿ, ತೂತು ಕೊರೆದು, ಪಾಲಿಶ್ ಮಾಡಿ ಎಷ್ಟು, ಒಡೆದರೆ ಯಾರದ್ದು, ಯಾವ ಬದಿಯ ಅಳತೆ ಅನ್ನುವುದನ್ನು ಕೇಳಿ, ಒಂದೇ ಹಾಳೆಯಲ್ಲಿ ಬರೆಸಿಕೊಳ್ಳಿ.

ಮಾರ್ಬಲಿನ ಖರ್ಚು ಕೂರಿಸಿದ ದಿನಕ್ಕೆ ಮುಗಿಯುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಮಳೆಗಾಲ ಕಳೆದ ಮೇಲೆ ಕಟ್ಟೆಯ ಮೇಲೆ ನೀರಿನ ಹನಿ ಬಿಟ್ಟು ನೋಡುತ್ತೇವೆ. ಹನಿ ಗುಂಡಗೆ ನಿಂತರೆ ಸೀಲರ್ ಇನ್ನೂ ಇದೆ. ಸ್ವಲ್ಪ ಹೊತ್ತಿನಲ್ಲಿ ಕಲ್ಲು ಕಪ್ಪಾದರೆ ಮತ್ತೆ ಬಳಿಯಬೇಕು. ಸಣ್ಣ ಕಟ್ಟೆಯಾದ್ದರಿಂದ ಒಂದು ಡಬ್ಬಿ ತುಂಬ ದಿನ ಬರುತ್ತದೆ. ಎಣ್ಣೆಯ ಕಲೆ ಆದರೆ ಅಡುಗೆ ಸೋಡಾವನ್ನು ನೀರಿನಲ್ಲಿ ದಪ್ಪಗೆ ಕಲಸಿ ಮೆತ್ತಿ, ಪ್ಲಾಸ್ಟಿಕ್ ಮುಚ್ಚಿ ಒಂದು ದಿನ ಬಿಡುತ್ತೇವೆ. ಒಣಗುವಾಗ ಅದು ಎಣ್ಣೆಯನ್ನು ಮೇಲೆ ಎಳೆಯುತ್ತದೆ. ವಿನೆಗರ್, ಲಿಂಬೆ ಹಾಕಿದ ಕ್ಲೀನರ್, ಟಾಯ್ಲೆಟ್ ತೊಳೆಯುವ ಆಸಿಡ್ ಯಾವುದನ್ನೂ ಹತ್ತಿರ ಬಿಡುವುದಿಲ್ಲ. ಸಾದಾ ಪಾತ್ರೆ ಸೋಪಿನ ನೀರು ಸಾಕು. ಹುಳಿಯ ಗುರುತು ತುಂಬಾ ಆದರೆ ಮರುಪಾಲಿಶ್ ಒಂದೇ ದಾರಿ. ಚದರ ಅಡಿಗೆ 40ರಂತೆ ನಮ್ಮ ತುಂಡಿಗೆ 600 ಆಗಬೇಕು. ಆದರೆ ಮಷೀನು ತಂದು ಹೋಗುವುದಕ್ಕೆ 2 ಸಾವಿರಕ್ಕಿಂತ ಕಡಿಮೆಗೆ ಬರಲು ಆಗುವುದಿಲ್ಲ ಅಂತ ಮಿಸ್ತ್ರಿ ಮೊದಲೇ ಹೇಳಿದ್ದಾರೆ. ಅಕ್ಕಪಕ್ಕದ ಇನ್ನೆರಡು ಮನೆಯ ಕೆಲಸ ಸೇರಿಸಿ ಕರೆದರೆ ಆ ಖರ್ಚನ್ನು ಹಂಚಿಕೊಳ್ಳಬಹುದು.